ಲಾಗಿಂಗ್ ವ್ಯವಸ್ಥೆಯಲ್ಲಿ ಸನ್ನಿಧಿವಿಚಾರ

ತಂತ್ರಾಂಶವು ತಾನು ನಡೆಸಿದ ಕಾರ್ಯಗಳನ್ನೂ ತನಗೊದಗಿದ ದೋಷಗಳನ್ನೂ ಕಾಲಾನುಕ್ರಮವಾಗಿ ಬರೆದಿಡುವುದಕ್ಕೆ ಲಾಗಿಂಗ್ ಎಂದು ಹೆಸರು. ಅದು ಶಾನುಭೋಗರ ಕಡತದಂತಿರುವುದು. ಈ ಬರೆಹದ ಕೆಲಸವನ್ನು ಅನ್ಯರು ರಚಿಸಿದ ಲೈಬ್ರರಿಗಳಿಗೆ ಒಪ್ಪಿಸುವುದು ವಾಡಿಕೆ. 2017ರಲ್ಲಿ ಹೊರಬಂದ ಜಾವಾ 9ನೆಯ ಆವೃತ್ತಿಯಿಂದ ತಂತ್ರಾಂಶವನ್ನು ಮಾಡ್ಯೂಲುಗಳಾಗಿ ವಿಭಜಿಸುವ ಕ್ರಮವು ಏರ್ಪಟ್ಟಿತು. ಅಂತಹ ತಂತ್ರಾಂಶದಲ್ಲಿ ಅನ್ಯರ ಲಾಗಿಂಗನ್ನು ಸೇರಿಸಿಕೊಳ್ಳುವ ಬಗೆಯೇ ಪ್ರಕೃತ ವಿಚಾರ.

ವಾಕ್ಯಾರ್ಥಬೋಧೆಗೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳನ್ನು ಶಾಸ್ತ್ರಕಾರರು ಹೇಳಿರುವರಷ್ಟೆ. ಇಲ್ಲಿಯೂ ಆ ಮೂರನ್ನೇ ಕಾಣಬಹುದು. ನಮ್ಮ ಮಾಡ್ಯೂಲು ಎಸ್‌ಎಲ್‌ಎಫ್‌ಫೋರ್‌ಜೆ ಎಂಬ ಮಧ್ಯವರ್ತಿಯನ್ನು ಮಾತ್ರ ‘ರಿಕ್ವೈರ್ಸ್’ ಎಂಬ ಪದದಿಂದ ಬೇಡುತ್ತದೆ. ಆ ಮಧ್ಯವರ್ತಿಯು ತನ್ನ 2.0ನೆಯ ಆವೃತ್ತಿಯಲ್ಲಿ ‘ಯೂಸಸ್’ ಎಂಬ ಪದದಿಂದ ಲೇಖಕನೊಬ್ಬನನ್ನು ಅಪೇಕ್ಷಿಸುತ್ತದೆ, ಇದು ಆಕಾಂಕ್ಷೆ. ಲಾಗ್‌ಬ್ಯಾಕ್ ಮೊದಲಾದವು ‘ಪ್ರೊವೈಡ್ಸ್’ ಎಂಬ ಪದದಿಂದ ತಮ್ಮ ಅರ್ಹತೆಯನ್ನು ಸಾರುತ್ತವೆ, ಇದು ಯೋಗ್ಯತೆ. ಇವೆರಡೂ ಒಂದೇ ಮಾಡ್ಯೂಲುಪಥದಲ್ಲಿ ದೊರೆಯುವುದು ಸನ್ನಿಧಿ. ಲೇಖಕನ ಹೆಸರನ್ನು ನಮ್ಮ ಮಾಡ್ಯೂಲು ಹೇಳದಿರುವುದರಿಂದ, ಒಬ್ಬನನ್ನು ಬಿಟ್ಟು ಮತ್ತೊಬ್ಬನನ್ನು ನಿಯಮಿಸಿದರೂ ಮೂಲಕ್ಕೆ ಬಾಧೆಯಿಲ್ಲ. ಇಂತಹ ಬದಲಾವಣೆಯ ಅಗತ್ಯವು ಬರಬಹುದೆಂಬುದಕ್ಕೆ 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ಪ್ರಕಟವಾದ ಘೋರದೋಷವೇ ನಿದರ್ಶನ.

ಸನ್ನಿಧಿಯು ತಪ್ಪಿದರೆ ಏನಾಗುವುದೆಂಬುದು ನನಗೆ ಅನುಭವದಿಂದ ತಿಳಿಯಿತು. ಗೊರಗುಂಟೆಪಾಳ್ಯದ ನಮ್ಮ ಮನೆಯಲ್ಲಿ ಓಲೆಗರಿಗಳ ಛಾಯಾಚಿತ್ರಗಳಿಗೆ ಸೂಚಿಯನ್ನು ಸಿದ್ಧಪಡಿಸಲು ಶಿಷ್ಯನೊಬ್ಬನು ಇಂತಹ ತಂತ್ರಾಂಶವನ್ನು ರಚಿಸಿದನು. ಅವನ ಯಂತ್ರದಲ್ಲಿ ಕಡತವು ಸರಿಯಾಗಿ ತುಂಬುತ್ತಿದ್ದಿತು. ಜೆಲಿಂಕ್ ಎಂಬ ಸಾಧನದಿಂದ ಕಟ್ಟಿ ನನ್ನ ಯಂತ್ರಕ್ಕೆ ತಂದಾಗ ಅದು ಬರಿದಾಗಿದ್ದಿತು. ದೋಷವಿಲ್ಲವೆಂದು ಹರ್ಷಪಟ್ಟೆವು. ಎಣಿಸಿ ನೋಡಲಾಗಿ 11 ಗರಿಗಳು ಸೂಚಿಯಲ್ಲಿ ಬಿಟ್ಟುಹೋಗಿದ್ದವು! ಸಾಮಾನ್ಯವಾಗಿ ನಡೆಸುವಾಗ ಪಥದಲ್ಲಿರುವ ಲೇಖಕನನ್ನು ಜಾವಾ ತಾನೇ ಹುಡುಕಿ ತರುತ್ತದೆ. ಜೆಲಿಂಕಾದರೋ ‘ರಿಕ್ವೈರ್ಸ್’ ಎಂದು ಬೇಡಿದವುಗಳನ್ನು ಮಾತ್ರ ಕೂಡಿಸುತ್ತದೆ. ಲೇಖಕನಿಲ್ಲದಿದ್ದರೆ ಎಸ್‌ಎಲ್‌ಎಫ್‌ಫೋರ್‌ಜೆ ಒಮ್ಮೆ ಎಚ್ಚರಿಕೆಯಿತ್ತು ಸುಮ್ಮನಾಗುವುದು. ಅದನ್ನು ಓದುವ ತೆರೆಯು ನಮ್ಮೆದುರು ಇರಲಿಲ್ಲ. ಜೆಲಿಂಕಿಗೆ ‘ಆಡ್ ಮಾಡ್ಯೂಲ್ಸ್’ ಎಂಬ ಆಜ್ಞೆಯೊಡನೆ ಲಾಗ್‌ಬ್ಯಾಕಿನ ಹೆಸರನ್ನೂ ಹೇಳಿದ ಬಳಿಕ ಕಡತವು ಮಾತನಾಡಿತು.

ಅನುಪಲಬ್ಧಿಯಿಂದ ಅಭಾವವು ಸಿದ್ಧಿಸಬೇಕಾದರೆ, ಆ ವಸ್ತು ಇದ್ದಿದ್ದರೆ ಕಾಣತಕ್ಕದ್ದಾಗಿರಬೇಕೆಂದು ಮೀಮಾಂಸಕರ ಮತ. ಲೇಖಕನೇ ಇಲ್ಲದ ಕಡತದ ಮೌನವು ದೋಷಾಭಾವಕ್ಕೆ ಪ್ರಮಾಣವಾಗಲಾರದು. ಆದುದರಿಂದ ತಂತ್ರಾಂಶವು ಆರಂಭವಾದೊಡನೆ ಒಂದು ಪಂಕ್ತಿಯನ್ನು ಬರೆಯಿಸಿ, ಅದನ್ನು ಕಡತದಲ್ಲಿ ಕಂಡ ಮೇಲೆಯೇ ಮುಂದಣ ಮೌನವನ್ನು ನಂಬತಕ್ಕದ್ದು.