ಕಾಸು ಕೇಳದ ಕೈಯಾಳುಗಳು

ಮಾಗಡಿ ಇದ್ದಲ್ಲಿಯೇ ಇದೆ. ಕೆಂಪೇಗೌಡರ ವಂಶದವರು ಆಳಿದ ಕೋಟೆಯಾಗಲಿ, ಸೋಮೇಶ್ವರನ ಗುಡಿಯಾಗಲಿ, ತಿರುಮಲೆಯ ರಂಗನಾಥನಾಗಲಿ ಒಂದಂಗುಲವೂ ಅತ್ತಿತ್ತ ಸರಿದಿಲ್ಲ. ಸಾವನದುರ್ಗದ ಬಂಡೆಯ ಮಾತಂತೂ ಕೇಳುವುದೇ ಬೇಡ. ಆದರೆ ಊರಿನ ವಿಳಾಸ ಮಾತ್ರ ನಾಲ್ವತ್ತು ವರ್ಷಗಳೊಳಗೆ ನಾಲ್ಕು ಜಿಲ್ಲೆಗಳ ಹೆಸರನ್ನು ಹೊತ್ತಿದೆ. 1986ರಲ್ಲಿ ಬೆಂಗಳೂರು ಜಿಲ್ಲೆ ಎರಡಾದಾಗ ಮಾಗಡಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು; 2007ರಲ್ಲಿ ಹೊಸದಾಗಿ ಹುಟ್ಟಿದ ರಾಮನಗರ ಜಿಲ್ಲೆಗೆ ಬಂತು; 2025ರಲ್ಲಿ ಆ ರಾಮನಗರ ಜಿಲ್ಲೆಗೇ ರಾಜ್ಯ ಸರ್ಕಾರ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟಿತು.

ಹೆಸರು ಬದಲಾಯಿಸುವುದು ಸರ್ಕಾರಕ್ಕೆ ಒಂದು ಆಜ್ಞೆಯ ಕೆಲಸ. ಆ ಹೆಸರನ್ನು ದಿನಕ್ಕೆ ಹತ್ತಾರು ಬಾರಿ ಬರೆಯಬೇಕಾದವರ ಪಾಡೇನು? ಅದನ್ನು ತಿಳಿಯಬೇಕಾದರೆ ಕಚೇರಿಗಳ ಆಸುಪಾಸಿನಲ್ಲಿರುವ ಯಾವುದಾದರೂ ಟೈಪಿಂಗ್ ಅಂಗಡಿಯನ್ನು ಹೊಕ್ಕು ನೋಡಬೇಕು. ಒಂದು ಮೇಜು, ಒಂದು ಹಳೆಯ ಗಣಕಯಂತ್ರ, ಪಕ್ಕದಲ್ಲಿ ಗೊರಗೊರ ಎನ್ನುವ ಮುದ್ರಣಯಂತ್ರ, ಗೋಡೆಗೆ ಕ್ಯಾಲೆಂಡರು. ಕ್ರಯಪತ್ರ, ವಿಭಾಗಪತ್ರ, ವಂಶವೃಕ್ಷದ ಅರ್ಜಿ, ಬಾಡಿಗೆ ಕರಾರು, ಮದುವೆಯ ಆಹ್ವಾನಪತ್ರಿಕೆ, ಎಲ್ಲವೂ ಇಲ್ಲಿಯೇ ರೂಪುಗೊಳ್ಳುತ್ತವೆ.

ಜಿಲ್ಲೆಯ ಹೆಸರು ಬದಲಾದ ಕೆಲವು ತಿಂಗಳ ಬಳಿಕ ಅಂಥ ಒಂದು ಅಂಗಡಿಯಲ್ಲಿ ನಾನು ಕುಳಿತಿದ್ದೆ. ಕುದೂರಿನ ಕಡೆಯ ವೃದ್ಧ ರೈತರೊಬ್ಬರು ಮಗಳೊಡನೆ ಬಂದರು. ತಮ್ಮ ಪಾಲಿನ ಜಮೀನಿನಲ್ಲಿ ಒಂದಿಷ್ಟನ್ನು ಮಗಳ ಹೆಸರಿಗೆ ದಾನಪತ್ರ ಮಾಡಿಕೊಡಬೇಕೆಂಬುದು ಅವರ ಆಸೆ. ನೋಂದಣಿಗೆ ಅಂದು ಮಧ್ಯಾಹ್ನದ ಹೊತ್ತು ಗೊತ್ತಾಗಿತ್ತು. ಅಣ್ಣತಮ್ಮಂದಿರ ವಿಭಾಗಪತ್ರವನ್ನು 2012ರಲ್ಲಿ ಇದೇ ಅಂಗಡಿಯಲ್ಲಿ ಟೈಪು ಮಾಡಿಸಿದ್ದರು.

“ಅಲ್ಲ ಕಣವ್ವ, ಜಮೀನು ಅಲ್ಲೇ ಐತೆ. ಜಿಲ್ಲೆ ಎಂಗೆ ಎದ್ದೋಯ್ತು?” ಎಂದರು ರೈತರು.

“ಎಲ್ಲೂ ಹೋಗಿಲ್ಲ ಯಜಮಾನ್ರೇ, ಹೆಸರು ಬದಲಾಗೈತೆ ಅಷ್ಟೇ,” ಎಂದು ನಕ್ಕಳು ಅಂಗಡಿಯ ಒಡತಿ. ಆದರೆ ಆ ನಗೆಯ ಹಿಂದೆ ಆತಂಕವಿತ್ತು. ಹಳೆಯ ಪತ್ರದ ಏಳು ಪುಟಗಳನ್ನು ಮತ್ತೆ ಕುಟ್ಟುವುದಕ್ಕೆ ವೇಳೆಯಿಲ್ಲ. ಅವಸರದಲ್ಲಿ ಸರ್ವೆ ನಂಬರಿನ ಒಂದಂಕಿ ತಪ್ಪಿದರೂ ಮುಂದೆ ತಿದ್ದುಪಡಿ ಪತ್ರಕ್ಕೆ ಮತ್ತೆ ಅಲೆಯಬೇಕು. ಹದಿಮೂರು ವರ್ಷದ ಹಿಂದಿನ ಕಡತ ಗಣಕಯಂತ್ರದ ಯಾವ ಮೂಲೆಯಲ್ಲಿದೆಯೋ ಬಲ್ಲವರಾರು? ‘ಹೊಸದು’, ‘ಕೊನೆಯದು’, ‘ಕೊನೆಯ ಕೊನೆಯದು’ ಎಂಬ ಹೆಸರಿನ ಸಾವಿರಾರು ಕಡತಗಳು ಅಲ್ಲಿದ್ದವು.

ಹುಡುಕುವ ಕೈಯಾಳು

ಒಡತಿ ತೆರೆದದ್ದು ‘ಎವೆರಿಥಿಂಗ್’ ಎಂಬ ಪುಟ್ಟ ತಂತ್ರಾಂಶವನ್ನು. ಇದಕ್ಕೆ ಬೆಲೆಯಿಲ್ಲ. ಗಣಕಯಂತ್ರದಲ್ಲಿರುವ ಪ್ರತಿಯೊಂದು ಕಡತದ ಹೆಸರನ್ನೂ ವಿಂಡೋಸ್ ವ್ಯವಸ್ಥೆ ತನ್ನದೊಂದು ಖಾತೆಯಲ್ಲಿ ಬರೆದಿಟ್ಟಿರುತ್ತದೆ. ಎವೆರಿಥಿಂಗ್ ಕೋಣೆಕೋಣೆಗೂ ಹೊಕ್ಕು ತಡಕಾಡುವುದಿಲ್ಲ. ಆ ಖಾತೆಯನ್ನೇ ಓದಿಕೊಂಡು ಕುಳಿತಿರುತ್ತದೆ. ಆದುದರಿಂದ ಎರಡಕ್ಷರ ಒತ್ತುವಷ್ಟರಲ್ಲಿ ಪಟ್ಟಿ ಕಣ್ಣೆದುರು ನಿಲ್ಲುತ್ತದೆ. ಅದೃಷ್ಟಕ್ಕೆ ಅಂದಿನ ಕಡತದ ಹೆಸರಿನಲ್ಲಿ ಸರ್ವೆ ನಂಬರು ಇತ್ತು. ಅಂಕಿಯನ್ನು ಒತ್ತಿದೊಡನೆ ವಿಭಾಗಪತ್ರ ಸಿಕ್ಕಿತು.

ಆದರೆ ಈ ಕೈಯಾಳಿಗೆ ತಿಳಿದಿರುವುದು ಮುಖ್ಯವಾಗಿ ಹೆಸರು. ಕಡತದ ಹೊಟ್ಟೆಯೊಳಗಿನ ಮಾತನ್ನು ಹುಡುಕಲು ‘ಡಾಕ್‌ಫೆಚರ್’ನಂತಹ ಬೇರೊಂದು ಬೇಕು. ಅದು ಮೊದಲೊಮ್ಮೆ ಎಲ್ಲ ಕಡತಗಳನ್ನೂ ಓದಿ, ಪುಸ್ತಕದ ಕೊನೆಯ ಪದಸೂಚಿಯಂತೆ ಒಂದು ಸೂಚಿಯನ್ನು ಸಿದ್ಧಪಡಿಸಿಕೊಳ್ಳುತ್ತದೆ. ಬಳಿಕ ‘ತಿಪ್ಪಸಂದ್ರ’ ಎಂದರೆ ತಿಪ್ಪಸಂದ್ರದ ಮಾತು ಬಂದಿರುವ ಪತ್ರಗಳನ್ನೆಲ್ಲ ತೆರೆದು ತೋರಿಸುತ್ತದೆ.

‘ರಾಮನಗರ ಜಿಲ್ಲೆ’ ಎಂದಿರುವ ನಮೂನೆಗಳನ್ನೆಲ್ಲ ಹೀಗೆಯೇ ಒಟ್ಟು ಹಾಕಬಹುದಲ್ಲವೇ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಇಲ್ಲಿಯೇ ಕನ್ನಡಿಗರಿಗೆ ಎದುರಾಗುವ ಒಂದು ಕಗ್ಗಂಟಿದೆ.

ಕನ್ನಡದ ವೇಷ, ಇಂಗ್ಲಿಷಿನ ಒಡಲು

ಆ ವಿಭಾಗಪತ್ರವನ್ನು ತೆರೆದಾಗ ಪರದೆಯ ಮೇಲೆ ಅಚ್ಚ ಕನ್ನಡ ಕಾಣಿಸಿತು. ಆದರೆ ಅದರೊಳಗೆ ‘ಮಾಗಡಿ’ ಎಂದು ಹುಡುಕಿದರೆ ‘ಇಲ್ಲ’ ಎಂಬ ಉತ್ತರ! ಕಣ್ಣಿಗೆ ಕಾಣುವ ಅಕ್ಷರ ಯಂತ್ರಕ್ಕೆ ಕಾಣದು. ಇದೆಂತಹ ಸೋಜಿಗ?

ಗಣಕಯಂತ್ರಕ್ಕೆ ಅಕ್ಷರ ತಿಳಿಯದು. ತಿಳಿಯುವುದು ಅಂಕಿ ಮಾತ್ರ. ಹಿಂದಿನ ಕಾಲದಲ್ಲಿ ಆ ಅಂಕಿಗಳ ಪಟ್ಟಿಯಲ್ಲಿ ಕನ್ನಡಕ್ಕೆ ಪೀಠವಿರಲಿಲ್ಲ. ಕನ್ನಡದ ಕೆಲಸ ನಿಲ್ಲಬಾರದೆಂದು ನಮ್ಮವರು ಒಂದು ಜಾಣ ಉಪಾಯ ಹೂಡಿದರು. ಇಂಗ್ಲಿಷ್ ಅಕ್ಷರಗಳು ಕುಳಿತಿದ್ದ ಪೀಠಗಳ ಮೇಲೆ ಕನ್ನಡ ಲಿಪಿಯ ತುಂಡುಗಳ ಚಿತ್ರಗಳನ್ನು ಕೂರಿಸಿದರು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ‘ಕ’ಕಾರದ ಒಡಲು ಕುಳಿತಿರುವುದು ಇಂಗ್ಲಿಷಿನ ದೊಡ್ಡ ‘ಪಿ’ಯ ಜಾಗದಲ್ಲಿ, ತಲೆಕಟ್ಟಿಗೆ ಬೇರೆಯೇ ಒಂದು ಜಾಗ. ಅಚ್ಚು ಹಾಕಿದರೆ ಕನ್ನಡ. ಯಂತ್ರದ ಎದೆಯಲ್ಲಿ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹುಡುಕುವ ಯಾವ ಕೈಯಾಳು ಬಂದರೂ ಆ ರಾಶಿಯ ಮುಂದೆ ಕೈಚೆಲ್ಲಿ ನಿಲ್ಲಬೇಕಾದದ್ದೇ.

1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ 128 ಪೀಠಗಳು ಮೀಸಲಾದವು. ‘ಕ’ ಅಕ್ಷರದ ಅಂಕಿ 3221. ಮಾಗಡಿಯ ಅಂಗಡಿಯಲ್ಲಿ ಒತ್ತಿದರೂ ಅಷ್ಟೇ, ಮಸ್ಕತ್ತಿನ ಕನ್ನಡಿಗರೊಬ್ಬರು ಒತ್ತಿದರೂ ಅಷ್ಟೇ. ಹೀಗೆ ಬರೆದ ಕನ್ನಡವನ್ನು ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು, ದೂರದವರಿಗೆ ಕಳುಹಿಸಬಹುದು. ನುಡಿಯ ಮುಂದಿನ ಆವೃತ್ತಿಗಳೂ ಯೂನಿಕೋಡನ್ನು ಅಳವಡಿಸಿಕೊಂಡವು. ಆದರೆ ಅದಕ್ಕೆ ಮೊದಲು ಟೈಪಾದ ಪತ್ರಗಳು, ಕಥೆಗಳು, ಊರಿನ ಚರಿತ್ರೆಗಳು ಇನ್ನೂ ಹಳೆಯ ವೇಷದಲ್ಲಿಯೇ ಮಲಗಿವೆ.

ಅವುಗಳನ್ನು ಎಬ್ಬಿಸುವ ಪರಿವರ್ತಕಗಳೂ ಉಚಿತವಾಗಿ ದೊರೆಯುತ್ತವೆ. ‘ಗುಬ್ಬಿ’, ‘ನವಿಲು’ ಎಂಬ ಚೆಂದದ ಮುಕ್ತ ಅಕ್ಷರಶೈಲಿಗಳನ್ನು ಕೊಟ್ಟ ಅರವಿಂದ ವಿ. ಕೆ. ಅವರು ಅಂತಹದೊಂದನ್ನು ರಚಿಸಿ ನಾಡಿಗೆ ಬಿಟ್ಟುಕೊಟ್ಟಿದ್ದಾರೆ. ಅಂದು ಅಂಗಡಿಯಲ್ಲಿಯೂ ಒಂದು ಪರಿವರ್ತಕವೇ ಕೆಲಸಕ್ಕೆ ಬಂತು. ಏಳು ಪುಟಗಳು ಕ್ಷಣಮಾತ್ರದಲ್ಲಿ ಹೊಸ ಅಕ್ಷರಕ್ಕೆ ಬಂದವು. ಆದರೆ ಒಡತಿ ಸುಮ್ಮನೆ ನಂಬುವವಳಲ್ಲ. ಮಗಳ ಕೈಗೆ ಮೂಲಪತ್ರವನ್ನು ಕೊಟ್ಟು ಗಟ್ಟಿಯಾಗಿ ಓದಲು ಹೇಳಿ, ತಾನು ಪರದೆಯ ಮೇಲೆ ಬೆರಳಿಟ್ಟು ನೋಡುತ್ತ ಹೋದಳು.

ಚಕ್ಕುಬಂದಿಯ ಮೊದಲ ಸಾಲಿನಲ್ಲಿಯೇ ತಪ್ಪು ಸಿಕ್ಕಿತು. ‘ಪೂರ್ವಕ್ಕೆ’ ಎಂಬಲ್ಲಿನ ಅರ್ಕಾವೊತ್ತು ಸ್ಥಳ ತಪ್ಪಿತ್ತು. ಇದು ಅಕಸ್ಮಾತ್ತಲ್ಲ. ಬರೆಯುವಾಗ ಅರ್ಕಾವೊತ್ತು ‘ವ’ಕಾರದ ನಂತರ ಬರುತ್ತದೆ, ಉಚ್ಚರಿಸುವಾಗ ರೇಫ ಮೊದಲು. ಹಳೆಯ ಅಕ್ಷರಶೈಲಿ ಬರೆಯುವ ಕ್ರಮವನ್ನು ಹಿಡಿದರೆ ಯೂನಿಕೋಡ್ ಉಚ್ಚರಿಸುವ ಕ್ರಮವನ್ನು ಹಿಡಿಯುತ್ತದೆ. ಪರಿವರ್ತಕಗಳು ಮುಗ್ಗರಿಸುವ ತಾಣ ಇದೇ. ಪೂರ್ವ ದಿಕ್ಕಿಲ್ಲದ ಚಕ್ಕುಬಂದಿ ಯಾವ ಜಮೀನಿಗುಂಟು?

ತಿದ್ದುವ ಕೈ, ತಡೆಯುವ ಬುದ್ಧಿ

ಅಕ್ಷರ ಸರಿಯಾದ ಮೇಲೆ ಉಳಿದದ್ದು ಜಿಲ್ಲೆಯ ಹೆಸರು. ಈ ಕೆಲಸಕ್ಕೆ ಅವಳು ಬಳಸಿದ್ದು ‘ಲಿಬ್ರೆ ಆಫೀಸ್’. ಜರ್ಮನಿಯ ‘ಸ್ಟಾರ್ ಆಫೀಸ್’ ಇದರ ಮೂಲ. 2000ದಲ್ಲಿ ಅದರ ಒಳಗುಟ್ಟು ಸಾರ್ವಜನಿಕವಾಯಿತು. 2010ರಲ್ಲಿ ಬಳಗವೊಂದು ಬೇರೆಯಾಗಿ ನಿಂತು ಈ ಹೆಸರಿನಿಂದ ಮುಂದುವರಿಸಿತು. ಪತ್ರ ಬರೆಯಲು, ಲೆಕ್ಕ ಇಡಲು, ಪಿಡಿಎಫ್ ಮಾಡಲು ಇದೊಂದೇ ಸಾಕು. ಇದರ ನಮೂನೆಯಲ್ಲಿ ಜಿಲ್ಲೆಯ ಹೆಸರನ್ನು ಒಂದೆಡೆ ಗುರುತು ಮಾಡಿ ಇಟ್ಟುಕೊಂಡರೆ ಬೇಕಾದ ಕಡೆಯೆಲ್ಲ ಅದೇ ಹೆಸರನ್ನು ಇರಿಸಬಹುದು. ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ. ಸರ್ಕಾರ ಐದನೆಯ ಹೆಸರಿಟ್ಟರೂ ಅಂಗಡಿಯವರು ಬೆದರಬೇಕಾಗಿಲ್ಲ.

ಹಳೆಯ ಪತ್ರದಲ್ಲಾದರೆ ‘ಹುಡುಕಿ ಬದಲಿಸು’ ಎಂಬ ಆಜ್ಞೆ ಇದೆ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬಹುದು. ಆದರೆ ಅವಳು ಹಾಗೆ ಮಾಡಲಿಲ್ಲ. ಒಂದೊಂದನ್ನೂ ನೋಡಿ ನೋಡಿ ಬದಲಿಸಿದಳು. ನಾನು ಕಾರಣ ಕೇಳಿದೆ.

“2012ರಲ್ಲಿ ನೋಂದಣಿ ಆದಾಗ ಅದು ರಾಮನಗರ ಜಿಲ್ಲೆಯೇ ಅಲ್ಲವಾ ಸಾರ್? ಆ ಪತ್ರದ ವಿಚಾರ ಹೇಳುವ ಕಡೆ ಹಳೇ ಹೆಸರೇ ಇರಬೇಕು. ಸ್ವತ್ತಿನ ಈಗಿನ ವಿವರದಲ್ಲಿ ಮಾತ್ರ ಹೊಸದು. ಎಲ್ಲ ಒಂದೇ ಸಲ ಬದಲಾಯಿಸಿದರೆ ಅವತ್ತು ಇಲ್ಲದ ಜಿಲ್ಲೇಲಿ ವಿಭಾಗ ಆದಂಗೆ ಆಗುತ್ತೆ!”

ಇನ್ನೊಂದು ತೊಡಕೂ ಉಂಟು. ‘ಬೆಂಗಳೂರು ದಕ್ಷಿಣ’ ಎಂಬ ಹೆಸರಿನ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲಿ ಮೊದಲಿನಿಂದಲೂ ಇದೆ. ಎಲ್ಲಿ ಅದು ತಾಲ್ಲೂಕು, ಎಲ್ಲಿ ಜಿಲ್ಲೆ ಎಂಬ ವಿವೇಚನೆ ತಂತ್ರಾಂಶಕ್ಕಿಲ್ಲ. ಕೈಯಾಳು ವೇಗವಾಗಿ ಓಡಬಲ್ಲ. ದಾರಿ ತೋರಿಸಬೇಕಾದವರು ನಾವು.

ಬಿಟ್ಟಿ ಬೇರೆ, ಮುಕ್ತ ಬೇರೆ

ಇಂತಹ ಇನ್ನೂ ಹಲವು ಕೈಯಾಳುಗಳಿದ್ದಾರೆ. ಹತ್ತು ಕಡತಗಳನ್ನು ಒಂದೇ ಗಂಟಾಗಿ ಕಟ್ಟುವ ‘ಸೆವೆನ್ ಜಿಪ್’ ಇಗೋರ್ ಪಾವ್ಲೋವ್ ಎಂಬ ರಷ್ಯನ್ನರ ಕೊಡುಗೆ; ಹೊರಬಂದದ್ದು 1999ರಲ್ಲಿ. ನೂರು ಕಡತಗಳ ಹೆಸರನ್ನು ಒಮ್ಮೆಗೇ ಸರಿಪಡಿಸಲು ಮೈಕ್ರೋಸಾಫ್ಟಿನ ‘ಪವರ್ ಟಾಯ್ಸ್’ ಇದೆ. ಅಚ್ಚಾದ ಹಾಳೆಯ ಚಿತ್ರವನ್ನು ಓದಿ ಅಕ್ಷರಕ್ಕಿಳಿಸುವ ‘ಟೆಸರಾಕ್ಟ್’ ಕನ್ನಡವನ್ನೂ ಬಲ್ಲುದು. ಆದರೂ ಮಸುಕಾದ ಹಾಳೆಯ ಮುಂದೆ ತೊದಲುತ್ತದೆ. ನಕಲು ಮಾಡಿದ್ದನ್ನೆಲ್ಲ ನೆನಪಿಟ್ಟುಕೊಂಡು ಬೇಕೆಂದಾಗ ಮರಳಿ ಕೊಡುವುದು ‘ಡಿಟ್ಟೋ’.

ಇವರಾರೂ ಕಾಸು ಕೇಳುವುದಿಲ್ಲ. ಆದರೆ ಕಾಸಿಲ್ಲದ್ದೆಲ್ಲ ಒಂದೇ ಜಾತಿಯದಲ್ಲ. ಇಂದು ಬಿಟ್ಟಿಯಾಗಿ ಸಿಗುವುದಕ್ಕೆ ಅದರ ಒಡೆಯ ನಾಳೆ ಬೆಲೆ ಕಟ್ಟಬಹುದು. ಅದು ಅವರ ದುಡಿಮೆ, ಅವರ ಹಕ್ಕು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ವರ್ಷಗಳ ಕಾಲ ಉಚಿತವಾಗಿದ್ದು ಸಾವಿರಾರು ಮಂದಿಗೆ ಕನ್ನಡ ಬರೆಯಲು ಕಲಿಸಿತು. ಅನಂತರ ಅದಕ್ಕೆ ಬೆಲೆ ಬಂತು. ಮುಕ್ತ ತಂತ್ರಾಂಶದ ರೀತಿ ಬೇರೆ. ಅಡುಗೆಯ ಜೊತೆಗೆ ಅಡುಗೆ ಮಾಡುವ ಕ್ರಮವನ್ನೂ ಕೊಟ್ಟಂತೆ. ಬಳಸುವ, ಒಳಗನ್ನು ಅರಿಯುವ, ಹಂಚುವ, ತಿದ್ದುವ ಅಧಿಕಾರ ಎಲ್ಲರಿಗೂ ಇರಬೇಕೆಂದು ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಹೂಡಿದ ಚಳವಳಿಯ ಫಲವಿದು. ಲಿಬ್ರೆ ಆಫೀಸ್ ಈ ಜಾತಿಯದು. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬಹುದು.

ಕನ್ನಡಕ್ಕೂ ಇಂತಹ ದೊಡ್ಡ ದಾನವೊಂದು ದೊರೆತಿದೆ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಉಚ್ಚಾರವನ್ನು ಅನುಸರಿಸುವ ಕೀಲಿಮಣೆಯನ್ನು ರೂಪಿಸಿ, ಹಕ್ಕು ಸ್ಥಾಪಿಸದೆ ನಾಡಿಗೆ ಒಪ್ಪಿಸಿಬಿಟ್ಟರು. ‘ಕನ್ನಡ’ ಎಂಬ ಪದಕ್ಕೆ ಅದರಲ್ಲಿ ಐದೇ ಒತ್ತು: ಕೆ, ಎನ್, ಎಫ್, ಎನ್, ಡಬ್ಲ್ಯು. ನಡುವಿನ ‘ಎಫ್’ ಒತ್ತಕ್ಷರವನ್ನು ಕೂಡಿಸುವ ಕೊಂಡಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಈ ವಿನ್ಯಾಸದ ದಾರಿಯಲ್ಲಿಯೇ ನಡೆಯಿತು. ಸರ್ಕಾರವೂ ಅದನ್ನು ಒಪ್ಪಿತು. ಮಾಗಡಿಯ ಅಂಗಡಿಯಲ್ಲಿ ಆ ಹೆಣ್ಣುಮಗಳ ಬೆರಳು ಓಡುತ್ತಿದ್ದುದು ಇದೇ ಹಾದಿಯಲ್ಲಿ.

ಎಚ್ಚರದ ಮಾತು

ಬಿಟ್ಟಿ ಎಂದೊಡನೆ ಕಂಡದ್ದನ್ನೆಲ್ಲ ಮನೆಯೊಳಗೆ ಕರೆದುಕೊಳ್ಳಬಾರದು. ತಂತ್ರಾಂಶವನ್ನು ಅದನ್ನು ಮಾಡಿದವರ ತಾಣದಿಂದಲೇ ಇಳಿಸಿಕೊಳ್ಳಬೇಕು. ಬೇರೆಡೆ ‘ಇಲ್ಲಿ ಒತ್ತಿ’ ಎಂದು ಮಿನುಗುವ ಗುಂಡಿಗಳ ಹಿಂದೆ ಕಳ್ಳರಿರುವುದುಂಟು. ಡಿಟ್ಟೋವಿನಂತಹ ನೆನಪಿನ ಭಂಟನನ್ನು ಸಾರ್ವಜನಿಕ ಅಂಗಡಿಯಲ್ಲಿ ಇಟ್ಟುಕೊಂಡವರು ದಿನದ ಕೊನೆಗೆ ಅದರ ನೆನಪನ್ನು ಅಳಿಸಲೇಬೇಕು. ಹತ್ತು ಗಿರಾಕಿಗಳ ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ ಅದರಲ್ಲಿ ಉಳಿದಿದ್ದರೆ ಅದು ಗಿರಾಕಿಗೆ ಬಗೆದ ದ್ರೋಹವಾದೀತು. ಪರಿವರ್ತಿಸುವ ಮುನ್ನ ಹಳೆಯ ಕಡತದ ಒಂದು ಪ್ರತಿಯನ್ನು ಬೇರೆಡೆ ಕಾಪಾಡಿಕೊಳ್ಳುವುದೂ ಅಗತ್ಯ.

ಅಂದು ದಾನಪತ್ರ ಸಿದ್ಧವಾದಾಗ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮಗಳು ಕೊನೆಯ ಬಾರಿ ಚಕ್ಕುಬಂದಿಯನ್ನು ಓದಿದಳು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಚಿಕ್ಕಪ್ಪನ ಜಮೀನು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಮಾವಿನ ತೋಪು. ವೃದ್ಧರು ಕಣ್ಣು ಮುಚ್ಚಿ ತಲೆಯಾಡಿಸುತ್ತ ಕೇಳಿದರು. “ಸರಿಯಾಗೈತೆ,” ಎಂದರು. ಒಡತಿ ಕಡತವನ್ನು ಉಳಿಸುವಾಗ ‘ಕೊನೆಯದು’ ಎಂದು ಬರೆಯಲಿಲ್ಲ. ಊರು, ಸರ್ವೆ ನಂಬರು, ವರ್ಷ, ಮೂರನ್ನೂ ಯೂನಿಕೋಡ್ ಕನ್ನಡದಲ್ಲಿ ಬರೆದಳು. ಮುಂದೊಮ್ಮೆ ಆ ಮಗಳ ಮಕ್ಕಳು ಹುಡುಕಿಕೊಂಡು ಬಂದಾಗ ಜಿಲ್ಲೆಯ ಹೆಸರು ಏನಾಗಿದ್ದರೂ ಆ ಪತ್ರ ಸಿಗುತ್ತದೆ.