ಸಲಿಕೆಗೆ ಬಗ್ಗುವ ಗುಡ್ಡ: ಪೋಲೆಂಡಿನ ಸಾಂಡೊಮಿಯೆಷ್

ಹನ್ನೆರಡನೇ ಶತಮಾನದ ಆರಂಭದಲ್ಲಿ ಪೋಲೆಂಡಿನ ಮೊದಲ ಚರಿತ್ರೆ ಬರೆದ ಗಾಲುಸ್ ಎಂಬ ಪರದೇಶಿ, ರಾಜ್ಯದ ಮುಖ್ಯ ಪೀಠಗಳೆಂದು ಮೂರು ಊರುಗಳನ್ನು ಎಣಿಸಿದ್ದ: ಕ್ರಾಕೋವ್, ವ್ರೊಟ್ಸ್ವಾಫ್, ಸಾಂಡೊಮಿಯೆಷ್. ಮೊದಲೆರಡು ಇಂದು ಮಹಾನಗರಗಳು. ವಿಸ್ಚುಲಾ ನದಿಯ ಎಡದಂಡೆಯ ಗುಡ್ಡದ ಮೇಲಿರುವ ಮೂರನೆಯದು ಮಾತ್ರ ಪೊವ್ಯಾತ್ ಒಂದರ, ಅಂದರೆ ನಮ್ಮ ತಾಲ್ಲೂಕಿನಂಥ ಆಡಳಿತ ಘಟಕದ, ಕೇಂದ್ರವಾಗಿ ಉಳಿದಿದೆ. ಯಾಕೆ ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರ ದಾಳಿಗಳದ್ದು. 1241ರಲ್ಲಿ ಮಂಗೋಲರು ಬಂದರು, 1260ರಲ್ಲಿ ಮತ್ತೆ ಅವರೇ. 1656ರಲ್ಲಿ ಸ್ವೀಡನ್ನರು ಕೋಟೆಗೆ ಸಿಡಿಮದ್ದಿಟ್ಟರು. ಆದರೆ ಶತ್ರುಗಳ ಪಟ್ಟಿ ಊರು ಹೇಗೆ ಬಿತ್ತೆಂಬುದನ್ನು ಹೇಳುತ್ತದೆಯೇ ಹೊರತು, ಪ್ರತಿಸಲವೂ ಅಲ್ಲಿಯೇ ಯಾಕೆ ಎದ್ದಿತೆಂಬುದನ್ನಲ್ಲ. ಅದಕ್ಕೆ ಮಣ್ಣನ್ನೇ ನೋಡಬೇಕು.

ಗುಡ್ಡದ ಮೇಲ್ಮೈ ಲೋಯಸ್. ಹಿಮಯುಗದ ಗಾಳಿ ಹೊತ್ತು ತಂದು ಪೇರಿಸಿದ ನುಣುಪಾದ ಹಳದಿ ಮಣ್ಣು. ಸಲಿಕೆಗೆ ಸುಲಭವಾಗಿ ಬಗ್ಗುತ್ತದೆ, ಆದರೂ ಒಣಗಿರುವಷ್ಟು ಕಾಲ ಕಡಿದ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. 1286ರಲ್ಲಿ ಊರಿಗೆ ಹೊಸ ಪಟ್ಟಣಸನ್ನದು ಸಿಕ್ಕಿತು. ಮುಂದೆ ವರ್ತಕರು ತಮ್ಮ ಮನೆಗಳಡಿ ಈ ಮಣ್ಣನ್ನೇ ಕೊರೆದು ಅಂತಸ್ತಿನ ಮೇಲೆ ಅಂತಸ್ತು ನೆಲಮಾಳಿಗೆ ಮಾಡಿಕೊಂಡರು. ಸುತ್ತಲ ಹೊಲಗಳ ಧಾನ್ಯ ವಿಸ್ಚುಲಾದ ಮೇಲೆ ತೇಲಿ ಗ್ದಾನ್‌ಸ್ಕ್ ಬಂದರಿಗೆ ಹೋಗುತ್ತಿತ್ತು. ಹೊಲವೂ ಗೋದಾಮೂ ಒಂದೇ ಮಣ್ಣಿನ ಕೊಡುಗೆ. ಸಾಲ ವಸೂಲಿಯೂ ಅದರದ್ದೇ: ಲೋಯಸ್‌ಗೆ ನೀರು ಇಳಿದರೆ ಅದು ಕುಸಿಯುತ್ತದೆ. 1960ರ ದಶಕದಲ್ಲಿ ಹಳೇ ಪೇಟೆಯ ಮನೆಗಳು ಬಿರುಕು ಬಿಟ್ಟು ನೆಲಕ್ಕಿಳಿಯತೊಡಗಿದಾಗ ಊರನ್ನು ಉಳಿಸಲು ಗಣಿ ಕಾರ್ಮಿಕರನ್ನೇ ಕರೆಸಬೇಕಾಯಿತು. ಅನೇಕ ಪೊಳ್ಳುಗಳನ್ನು ತುಂಬಿಸಿದರು. ಕೆಲವನ್ನು ಜೋಡಿಸಿ ಸುಮಾರು 470 ಮೀಟರಿನ ಪ್ರವಾಸಿ ಹಾದಿ ಮಾಡಿದರು. ಗಣಿಯೇ ಇಲ್ಲದ ಊರಿಗೆ ಗಣಿಯವರು!

ಮಣ್ಣೇ ಎಲ್ಲವೆಂದರೆ ಊರು ಸೊರಗಿದ್ದೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. 1815ರ ನಂತರ ಇಲ್ಲಿ ವಿಸ್ಚುಲಾ ರಷ್ಯಾ ಮತ್ತು ಆಸ್ಟ್ರಿಯಾ ಅಧೀನದ ಪ್ರದೇಶಗಳ ನಡುವಿನ ಗಡಿಯಾಯಿತು. ಧಾನ್ಯ ಹೊತ್ತ ನದಿಯೇ ಬೇಲಿಯಾಯಿತು. ಅದು ಮಣ್ಣಿನ ಕೆಲಸವಲ್ಲ, ದೊರೆಗಳದ್ದು. 1975ರಲ್ಲಿ ಪೊವ್ಯಾತ್ ರದ್ದಾಗಿ, ಊರು ಗಂಧಕದ ಗಣಿಗಳಿಂದ ಬೆಳೆದ ಎದುರು ದಂಡೆಯ ತರ್ನೊಬ್ಷೆಗ್‌ನ ಆಡಳಿತಕ್ಕೆ ಸೇರಿತು. 1999ರಲ್ಲಿ ಪೊವ್ಯಾತ್ ಮರಳಿ ಬಂದಾಗ ಪ್ರಾಂತ್ಯವೂ ಬದಲಾಗಿತ್ತು. ಗಡಿಗಳು ಹೀಗೆ ಬಂದು ಹೋಗುವಾಗಲೂ ಈ ಸೀಮೆಯ ಲೋಯಸ್ ಇಳಿಜಾರುಗಳು ಸೇಬಿನ ತೋಟಗಳಿಗೆ ಹೆಸರಾದವು. 2010ರ ಮೇ ತಿಂಗಳ ಪ್ರವಾಹದಲ್ಲಿ ಬಲದಂಡೆಯ ತಗ್ಗಿನ ಬಡಾವಣೆಗಳು ಮುಳುಗಿದವು. ಗುಡ್ಡದ ಮೇಲಿನ ಹಳೇ ಪೇಟೆಗೆ ನೀರು ಏರಲಿಲ್ಲ.