ಹೊಗೆಸೊಪ್ಪಿನ ನಂಜುರೋಗ: ವೈರಸ್ಸಿಗೆ ಜೀವವುಂಟೆ?

ಹೊಗೆಸೊಪ್ಪಿನ ಎಲೆಗಳಲ್ಲಿ ತಿಳಿಹಸುರು, ಕಡುಹಸುರು ಮಚ್ಚೆಗಳೆದ್ದು ಸುಕ್ಕುಗಟ್ಟುವ ಮೊಸಾಯಿಕ್ ಎಂಬ ನಂಜುರೋಗವನ್ನು ಹುಣಸೂರು, ಪಿರಿಯಾಪಟ್ಟಣದ ಸೀಮೆಯ ಬೇಸಾಯಗಾರರು ಬಲ್ಲರು. ಈ ರೋಗಕ್ಕೆ ಮೂರು ಬಾರಿ ಮೈಲುತುತ್ತದ ದ್ರಾವಣವನ್ನು ಹೊಡೆಯಿಸಿದ್ದ ಗೌಡರೊಬ್ಬರು, "ಇನ್ನೂ ಈ ಹುಳು ಸಾಯಲಿಲ್ಲವಲ್ಲ, ಸ್ವಾಮಿ?" ಎಂದು ನನ್ನನ್ನು ಕೇಳಿದರು. ಬದುಕಿಲ್ಲದುದನ್ನು ಸಾಯಿಸುವುದು ಹೇಗೆಂದು ಉತ್ತರವಿತ್ತೆನು. ಅವರಿಗೆ ಅದು ಹಾಸ್ಯವೆನಿಸಿದುದರಿಂದ ಇಲ್ಲಿ ವಿವರಿಸಲಾಗಿದೆ.

1892ರಲ್ಲಿ ರಷ್ಯಾ ದೇಶದ ಇವನೋವ್ಸ್ಕಿಯವರು ರೋಗದೆಲೆಯ ರಸವನ್ನು ಬ್ಯಾಕ್ಟೀರಿಯಗಳೂ ನುಸುಳಲಾರದ ಪಿಂಗಾಣಿಯ ಶೋಧಕದಲ್ಲಿ ಸೋಸಿದರು. ಸೋಸಿದ ರಸವೂ ರೋಗವನ್ನು ಹತ್ತಿಸಿತು. 1898ರಲ್ಲಿ ಹಾಲೆಂಡಿನ ಬೈಯೆರಿಂಕರು ಇದನ್ನು ಜೀವವುಳ್ಳ ದ್ರವವೆಂದರು. 1935ರಲ್ಲಿ ಅಮೆರಿಕೆಯ ಸ್ಟ್ಯಾನ್ಲಿಯವರು ಅದನ್ನೇ ಹರಳುಗಟ್ಟಿಸಿದರು; ಹರಳನ್ನು ಕರಗಿಸಿ ಎಲೆಗೆ ತಿಕ್ಕಲು ರೋಗವು ಪುನಃ ಕಾಣಿಸಿತು. ಉಪ್ಪು ಸಕ್ಕರೆಗಳಂತೆ ಹರಳಾಗುವ ಪದಾರ್ಥವನ್ನು ಜೀವಿಯೆನ್ನುವುದೆಂತು? 1955ರಲ್ಲಿ ನಡೆದುದು ಇನ್ನೂ ಸೋಜಿಗ. ಇದರ ಕಣದಲ್ಲಿ ನೂರಕ್ಕೆ ಸುಮಾರು 95 ಪಾಲು ಪ್ರೋಟೀನು, ಉಳಿದುದು ಆರ್‌ಎನ್‌ಎ ಎಂಬ ಆಮ್ಲ. ಫ್ರೆಂಕೆಲ್-ಕಾನ್ರಾಟ್, ವಿಲಿಯಮ್ಸ್ ಎಂಬವರು ಇವೆರಡನ್ನೂ ಬೇರ್ಪಡಿಸಿ ಮರಳಿ ಕೂಡಿಸಲು, ಅದು ಮತ್ತೆ ರೋಗವನ್ನು ತಂದಿತು. ಕರುವನ್ನು ಕಡಿದು ಜೋಡಿಸಿದರೆ ಎದ್ದು ನಿಲ್ಲುವುದೆ?

ಈ ಕಣವು ಉಣ್ಣದು, ಉಸಿರಾಡದು. ಬಂದಳಿಕೆಯು ಮರದ ರಸವನ್ನು ಹೀರಿದರೂ ಅದಕ್ಕೆ ತನ್ನದೇ ಎಲೆಯುಂಟು. ಇದಕ್ಕೆ ಅಷ್ಟೂ ಇಲ್ಲ. ಆದರೆ ಗಾಯಗೊಂಡ ಎಲೆಯ ಜೀವಕೋಶವನ್ನು ಹೊಕ್ಕಿತೆಂದರೆ, ಆ ಕೋಶವೇ ಇದರ ಪ್ರತಿಗಳನ್ನು ಲಕ್ಷಗಟ್ಟಲೆ ಮಾಡಿಕೊಡುವುದು. ಅವು ಕಾಲಕ್ರಮದಲ್ಲಿ ಮಾರ್ಪಾಡನ್ನೂ ಹೊಂದುವುವು. ಆದಕಾರಣ ಇದನ್ನು ಜೀವಿಯೆನ್ನುವ ವಿದ್ವಾಂಸರೂ ಉಂಟು. ನನ್ನ ಮತದಲ್ಲಿ ಎಲೆಯ ಹೊರಗೆ ಇದು ಜಡವೇ ಸರಿ. ಕುರಿಗಳಿಗೆ ಸ್ಕ್ರೇಪಿ ರೋಗವನ್ನು ತರುವ, 1982ರಲ್ಲಿ ಪ್ರುಸಿನರ್ ಎಂಬವರು ಹೆಸರಿಟ್ಟ ಪ್ರಯಾನಿನಲ್ಲಂತೂ ಆ ಆಮ್ಲವೂ ಇಲ್ಲ. ಅದು ಮಡಿಕೆ ಕೆಟ್ಟ ಪ್ರೋಟೀನು ಮಾತ್ರ.

ಜಡವಾದುದರಿಂದಲೇ ಈ ನಂಜಿಗೆ ಹಸಿವಿಲ್ಲ, ಮುಪ್ಪಿಲ್ಲ. ಒಣಗಿದ ಹೊಗೆಸೊಪ್ಪಿನಲ್ಲಿ ವರ್ಷಗಟ್ಟಲೆ ಕಾದಿರುವುದು. ಬೀಡಿ ಸೇದಿದ, ಸೊಪ್ಪು ಅಗಿದ ಕೈಯಿಂದಲೇ ಸಸಿಗಳಿಗೆ ಹತ್ತುವುದು. ಶಿಲೀಂಧ್ರವನ್ನು ಕೊಲ್ಲುವ ಮೈಲುತುತ್ತವು ಇಲ್ಲಿ ವ್ಯರ್ಥ. ಆಳುಗಳು ಸಸಿಮಡಿಗೆ ಇಳಿಯುವ ಮುನ್ನ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಕೆನೆ ತೆಗೆದ ಹಾಲಿನಲ್ಲಿ ಕೈ ಅದ್ದಿಕೊಂಡು ನೆಟ್ಟರೆ ಸೋಂಕು ಕಡಿಮೆಯಾಗುವುದೆಂದು ಪ್ರಯೋಗಗಳಿಂದ ತಿಳಿದುಬಂದಿರುತ್ತದೆ. ರೋಗದ ಗಿಡವನ್ನು ಬೇರುಸಹಿತ ಕಿತ್ತು ಸುಡತಕ್ಕದ್ದು. ಕಿತ್ತ ಕೈಯಿಂದ ಒಳ್ಳೆಯ ಗಿಡವನ್ನು ಮುಟ್ಟಕೂಡದು. ಟೊಮೇಟೊ, ಮೆಣಸಿನಕಾಯಿ ಗಿಡಗಳಿಗೂ ಇದು ತಗುಲುವುದರಿಂದ ಅವುಗಳ ಸಸಿಮಡಿಯನ್ನು ಹೊಗೆಸೊಪ್ಪಿನಿಂದ ದೂರದಲ್ಲಿ ಮಾಡತಕ್ಕದ್ದು.